ಭೂತಗನ್ನಡಿ ಅಕ್ಕನ ತಪ್ಪು

ಫೆಬ್ರವರಿ 3, ಸೋಮವಾರ

ಒಂಬತ್ತೂವರೆಯ ಆಫೀಸ್ ವಿಡಿಯೋ ಕಾಲ್. ಕ್ಯಾಮೆರಾ ಆಫ್, ತಲೆಗೆ ಟವೆಲ್. ಆರು ಜನ, ಆರು ಊರು, ಮನೆಯಿಂದಲೇ ಕೆಲಸ. ಏನು ಮುಗಿಯಿತು, ಏನು ಉಳಿಯಿತು — ಒಬ್ಬೊಬ್ಬರಿಗೆ ಎರಡು ನಿಮಿಷ. ಮೀಸೆ ಎಂದು ನಾನು ಹೆಸರಿಟ್ಟ ಸಹೋದ್ಯೋಗಿ ಮಾತ್ರ ಯಥಾಪ್ರಕಾರ ಹನ್ನೊಂದು ನಿಮಿಷ ಕೊರೆದ.

ಕೊನೆಯಲ್ಲಿ ಕಂಪನಿಯ ಯಜಮಾನರು ನನ್ನ ಹೆಸರು ಹೇಳಿದರು: ಇನ್ನು ಮುಂದೆ ನಾನು ಲೀಡ್. ಆರು ಜನರ ಕಂಪನಿಯಲ್ಲಿ ಲೀಡ್ ಅಂದರೆ ಉಳಿದವರ ಗೊಣಗಾಟ ಕೇಳುವವಳು, ಅಷ್ಟೆ. ಆದರೂ ಬೀಗಿದೆ. ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ. "ಅಂದ್ರೆ ಇನ್ನೂ ಜಾಸ್ತಿ ಹೊತ್ತು ಬಾಗಿಲು ಹಾಕ್ಕೊಂಡು ಕೂರ್ತೀಯಾ?" ಅಂದರು.

ನನಗಿಂತ ಹೆಚ್ಚು ಖುಷಿಪಟ್ಟದ್ದು ಭೂತಗನ್ನಡಿ ಅಕ್ಕ. ನಾವು ಮಾಡಿದ್ದನ್ನೆಲ್ಲ ಟೆಸ್ಟ್ ಮಾಡುವುದು ಅವರ ಕೆಲಸ. ಒಂದು ಚುಕ್ಕೆ ಆಚೀಚೆ ಆದರೂ ಹಿಡಿದುಬಿಡುತ್ತಾರೆ, ಅದಕ್ಕೇ ಆ ಹೆಸರು. ಐವತ್ನಾಲ್ಕು ವರ್ಷ. ನಾನು ಸೇರಿದ ಮೊದಲ ತಿಂಗಳು ದಿನಾ ಮಧ್ಯಾಹ್ನ ಫೋನ್ ಮಾಡಿ ಕೆಲಸ ಕಲಿಸಿದವರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಎದುರಾಬದುರು ಕೂತಿಲ್ಲ.

ಫೆಬ್ರವರಿ 4, ಬೆಳಗ್ಗೆ 11.40

ಕೆಲಸ ಬಿಟ್ಟು ಡೈರಿ ತೆಗೆದೆ. ಬರೆದರೆ ತಲೆ ತಿಳಿಯಾಗಬಹುದು.

ಹಲ್ಲಿನ ಕ್ಲಿನಿಕ್‌ಗಳ ಅಪಾಯಿಂಟ್‌ಮೆಂಟ್ ನೋಡಿಕೊಳ್ಳುವ ಸಾಫ್ಟ್‌ವೇರ್ ನಮ್ಮದು. ಎರಡು ವಿಂಡೋ ತೆರೆದಿತ್ತು. ಒಂದು ನಾವು ಪ್ರಯೋಗ ಮಾಡುವ ಟೆಸ್ಟ್, ಒಂದು ಕ್ಲಿನಿಕ್ಕಿನವರು ನಿಜವಾಗಿ ಬಳಸುವ ಲೈವ್. ನೋಡಲು ಎರಡೂ ಅವಳಿ ಜವಳಿ. ಟೆಸ್ಟ್‌ನಲ್ಲಿರುವ ಸುಳ್ಳು ಹೆಸರುಗಳನ್ನು ಅಳಿಸಲು ಹೋಗಿ ಲೈವ್ ಅಳಿಸಿದೆ. ಹನ್ನೊಂದು ಕ್ಲಿನಿಕ್. ಈ ವಾರದ ಅಷ್ಟೂ ರೋಗಿಗಳು.

"ಅಳಿಸುವ ಮುನ್ನ ಯಾವ ವಿಂಡೋ ಎಂದು ಎರಡು ಸಲ ನೋಡಿ." ಈ ನಿಯಮ ಬರೆದವಳೇ ನಾನು. ದಪ್ಪ ಅಕ್ಷರದಲ್ಲಿ.

ಮಧ್ಯಾಹ್ನ 3.15

ಬ್ಯಾಕಪ್‌ನಿಂದ ಎಲ್ಲ ವಾಪಸ್ ಬಂತು. ಎರಡು ಗಂಟೆ ಕ್ಲಿನಿಕ್‌ಗಳಲ್ಲಿ ಗಲಾಟೆಯೋ ಗಲಾಟೆ. ಒಬ್ಬ ಡಾಕ್ಟರು ಫೋನಿನಲ್ಲೇ ಯಜಮಾನರ ಬೆವರಿಳಿಸಿದರಂತೆ.

ನಮ್ಮಲ್ಲಿ ಬೈಯುವ ಪದ್ಧತಿ ಇಲ್ಲ. ತಪ್ಪು ಮಾಡಿದವರು ತಾವೇ ಗ್ರೂಪಿನಲ್ಲಿ ಬರೆಯಬೇಕು, ಅಷ್ಟೇ ಶಿಕ್ಷೆ. ಬರೆಯುತ್ತಿದ್ದೆ. ನಿಜವಾಗಿಯೂ. ಮೂರು ಸಾಲು ಆಗಿತ್ತು... ಅಷ್ಟರಲ್ಲಿ ಅಕ್ಕನ ಮೆಸೇಜು.

"ನಾನೇ ಇರಬೇಕು. ಆ ಹೊತ್ತಿಗೆ ನಾನೂ ಹಳೇ ಹೆಸರು ಅಳಿಸ್ತಾ ಇದ್ದೆ. ಲೈವ್ ತೆರೆದದ್ದು ನೆನಪಿಲ್ಲ. ಆದ್ರೆ ಬೇರೆ ಯಾರು ಇರ್ತಾರೆ? ಎಲ್ಲರೂ ಕ್ಷಮಿಸಿ."

ನಮಗೆಲ್ಲ ಒಂದೇ ಲಾಗಿನ್. ಇರೋದೇ ಆರು ಜನ, ಸಾಕು ಅಂದಿದ್ದರು ಯಜಮಾನರು. ಲಾಗ್‌ನಲ್ಲಿ ಅಳಿಸಿದ ಹೊತ್ತು ಮಾತ್ರ ಇದೆ, ಯಾರೆಂದು ಇಲ್ಲ.

ನನ್ನ ಮೂರು ಸಾಲು ಅಳಿಸಿದೆ. ಈ ಸಲ ಸರಿಯಾದ ವಿಂಡೋದಲ್ಲೇ.

ಅಕ್ಕನ ಮೆಸೇಜಿಗೆ ಎಲ್ಲರೂ ಹಾರ್ಟ್ ಒತ್ತಿದರು. ಐದನೆಯದು ನನ್ನದು.

ಫೆಬ್ರವರಿ 5

ನಾಳೆ ಹೇಳುತ್ತೇನೆ.

ಫೆಬ್ರವರಿ 11, ಮಂಗಳವಾರ

ದಿನಕ್ಕೆ ನಾಲ್ಕು ಸಲ ಅಕ್ಕ ತಮ್ಮ ಸ್ಕ್ರೀನ್ ತೋರಿಸುತ್ತಾರೆ. "ನೋಡಮ್ಮ, ಇದು ಟೆಸ್ಟೇ ತಾನೆ? ಒಂದ್ಸಲ ನೋಡಿ ಹೇಳು." ನನ್ನನ್ನೇ ಕೇಳುತ್ತಾರೆ. ಲೀಡ್ ಅಲ್ಲವೆ. "ಸರಿ ಇದೆ ಅಕ್ಕ, ಮಾಡಿ" ಅನ್ನುತ್ತೇನೆ, ದೊಡ್ಡ ಮನುಷ್ಯಳ ಹಾಗೆ. ಥೂ.

ಮೊದಲೆಲ್ಲ ನಾನು ಹೀಗೆ ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು.

ಮೀಸೆ ನನಗೊಬ್ಬಳಿಗೇ ಬರೆದ: "ಭೂತಗನ್ನಡಿಗೆ ಧೂಳು ಹಿಡೀತಾ?" ನಗುವ ಮುಖ ಕಳಿಸಿದೆ. ಯಾಕೆ ಕಳಿಸಿದೆನೋ. ಬೆರಳಿಗೂ ಮಾನ ಮರ್ಯಾದೆ ಇರಬೇಕು.

ಫೆಬ್ರವರಿ 14

ಮಧ್ಯಾಹ್ನ ಅಕ್ಕನ ಫೋನು. ಕೆಲಸದ ಮಾತಲ್ಲ. ಅವರ ತಾಯಿಗೆ ಅರವತ್ತು ತುಂಬುವ ಮೊದಲೇ ಮರೆವು ಹಿಡಿದಿತ್ತಂತೆ. ಕೊನೆಕೊನೆಗೆ ಮಗಳ ಗುರುತೂ ಹತ್ತುತ್ತಿರಲಿಲ್ಲವಂತೆ.

"ಎಷ್ಟು ತಲೆ ಕೆರ್ಕೊಂಡ್ರೂ ಅವತ್ತು ಲೈವ್ ತೆರೆದದ್ದು ನೆನಪಿಗೇ ಬರ್ತಿಲ್ಲ. ಮಾಡಿದ ಕೆಲಸ ಒಂದಿಷ್ಟೂ ನೆನಪಿಲ್ಲ ಅಂದ್ರೆ ಏನಮ್ಮ ಅರ್ಥ? ಅಮ್ಮಂದೂ ಹೀಗೇ ಶುರುವಾಗಿದ್ದು. ಮುಂದಿನ ವಾರ ಡಾಕ್ಟರ ಹತ್ರ ಹೋಗ್ತೀನಿ. ಮಗಳಿಗೂ ಹೇಳಿಲ್ಲ. ನಿನಗೆ ಮಾತ್ರ."

ಬಾಯಿ ತೆರೆದೆ. ಬಂದದ್ದು: "ಏನೂ ಇರಲ್ಲ ಅಕ್ಕ, ವಯಸ್ಸಾಗ್ತಾ ಎಲ್ಲರಿಗೂ ಸ್ವಲ್ಪ ಹೀಗೆ."

ವಯಸ್ಸು ಅಂದೆ. ಅವರಿಗೆ. ನಾನು.

ಫೆಬ್ರವರಿ 25, ಮಂಗಳವಾರ

ಹನ್ನೊಂದು ದಿನ ಇದನ್ನು ಮುಟ್ಟಿಲ್ಲ. ಬರೆಯಲು ಕೂತರೆ ಅದನ್ನೇ ಬರೆಯಬೇಕು.

ಡಾಕ್ಟರು ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರಂತೆ. ಗಾಬರಿಯಲ್ಲಿ ಅಕ್ಕನಿಗೆ ಮೂರೇ ನೆನಪಾದವಂತೆ. ಶುಕ್ರವಾರ ತಲೆಯ ಸ್ಕ್ಯಾನ್.

ಬೆಳಗ್ಗೆ ಗಂಡ ಇಸ್ತ್ರಿ ಹಾಕುತ್ತಿದ್ದಾಗ ಎಲ್ಲ ಹೇಳಿಬಿಟ್ಟೆ.

"ಲೀಡ್ ಹೋಗುತ್ತೆ ಅಂತ ಭಯಾನಾ?"

ಮೊದಲ ದಿನ ಅದೇ ಭಯ, ನಿಜ. ಅವತ್ತೇ ಹೇಳಿದ್ದರೆ ಕೈತಪ್ಪು ಅನ್ನುತ್ತಿದ್ದರು. ಈಗ ಇಪ್ಪತ್ತೊಂದು ದಿನ. ಇದಕ್ಕೆ ಏನನ್ನುತ್ತಾರೆ? ಅವನಿಗೆ ಇಷ್ಟೆಲ್ಲ ಹೇಳಲಿಲ್ಲ. ಮುಂದಿನ ಅಂಗಿ ಎತ್ತಿಕೊಟ್ಟೆ.

ಅಂಗಿಯ ತೋಳು ಮಗುಚಿ ಹಾಕಿ, "ಸ್ಕ್ಯಾನ್‌ಗೆ ಹೋಗೋ ಮೊದ್ಲು ಹೇಳು" ಅಂದ. ಬೈಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಫೆಬ್ರವರಿ 26

ಯಜಮಾನರ ಫೋನು. ಅಕ್ಕ ರಾಜೀನಾಮೆ ಕಳಿಸಿದ್ದಾರೆ. "ನನ್ನಿಂದ ಇನ್ನೊಂದು ಅನಾಹುತ ಆಗೋ ಮೊದಲು ಹೋಗ್ತೀನಿ" ಅಂತ ಬರೆದಿದ್ದಾರಂತೆ.

"ಒಳ್ಳೆ ಹೆಂಗಸು, ಪಾಪ. ಅವರ ಜಾಗಕ್ಕೆ ಯಾರನ್ನಾದ್ರೂ ನೀನೇ ನೋಡಮ್ಮ" ಅಂದರು.

"ಹೂಂ ಸರ್" ಅಂದೆ. ಅದನ್ನೂ ಅಂದೆ.

ಮಧ್ಯಾಹ್ನ ಊಟ ಸೇರಲಿಲ್ಲ. ಅತ್ತೆ ತಟ್ಟೆ ನೋಡಿ, "ಲೀಡ್ ಆದ್ಮೇಲೆ ಗಾಳಿ ಕುಡ್ಕೊಂಡೇ ಬದುಕ್ತೀಯೋ?" ಅಂದರು. ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ.

ಫೆಬ್ರವರಿ 27, ಗುರುವಾರ, ಬೆಳಗ್ಗೆ 10.50

ಕಾಲ್ ಮುಗಿದ ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ. ಬಾಗಿಲು ಹಾಕಿಕೊಂಡು. ಕೂರಲು ಆಗಲಿಲ್ಲ, ನಿಂತೇ ಹೇಳಿದೆ.

"ಅಕ್ಕ, ಅವತ್ತು ಲೈವ್ ಅಳಿಸಿದ್ದು ನಾನು. ನಿಮಗೆ ನೆನಪಿಲ್ಲದೇ ಇರೋದು ಯಾಕಂದ್ರೆ, ನೀವು ಮಾಡೇ ಇಲ್ಲ."

ಆ ಕಡೆ ಅಳು ಕೇಳಿಸಿತು. ಬೈಸಿಕೊಳ್ಳಲು ತಯಾರಾಗಿದ್ದೆ.

"ಹಾಗಾದ್ರೆ ನನ್ನ ತಲೆ ಸರಿ ಇದೆ" ಅಂದರು. ಅಳುತ್ತಲೇ ನಕ್ಕರು. "ಬದುಕಿಸಿದೆ ಕಣಮ್ಮ. ಎಷ್ಟು ದಿನದಿಂದ ನಿದ್ದೆ ಇಲ್ಲ ಗೊತ್ತಾ? ನಿನಗೆ ಪುಣ್ಯ ಬರ್ಲಿ."

ಪುಣ್ಯ. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

"ಹೇಗೆ ಪತ್ತೆ ಹಚ್ಚಿದೆ? ಇವತ್ತು ಗೊತ್ತಾಯ್ತಾ?"

ಈಗಷ್ಟೇ ಕಂಡುಹಿಡಿದೆ ಎಂದುಕೊಂಡಿದ್ದಾರೆ. ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವರೂ ನೆಮ್ಮದಿ, ನಾನೂ ಒಳ್ಳೆಯವಳು. ಆ ಹೌದು ನಾಲಿಗೆಯ ತುದಿಗೇ ಬಂದಿತ್ತು.

"ಇಲ್ಲ ಅಕ್ಕ. ಅವತ್ತೇ ಗೊತ್ತಿತ್ತು."

ನಗು ನಿಂತಿತು. ಅವರು ಒಂದೊಂದೇ ದಿನ ಹಿಂದಕ್ಕೆ ನೋಡುತ್ತಿದ್ದಾರೆಂದು ನನಗೆ ಗೊತ್ತಾಯಿತು. ಯಾವ ಚುಕ್ಕೆಯನ್ನೂ ಬಿಡುವವರಲ್ಲ.

"ನಮ್ಮಮ್ಮನ ವಿಷಯ ಹೇಳಿದ್ನಲ್ಲ," ಅಂದರು, ತುಂಬ ನಿಧಾನವಾಗಿ. "ಅವತ್ತೂ ಗೊತ್ತಿತ್ತಾ?"

"ಹೂಂ" ಅಂದೆ.

ಅದಕ್ಕೆ ಅಕ್ಕ, "ಗ್ರೂಪಲ್ಲಿ ನೀನೇ ಬರಿ, ತಾರೀಖು ಸಮೇತ" ಅಂದು ಫೋನ್ ಇಟ್ಟರು.