ಬಿಸಿಲಿಗಿಟ್ಟ ಲೆನ್ಸು

ಪ್ರೀತಿಯ ಕಾಕಾ,

ನೀನು ಹೋಗಿ ಇಪ್ಪತ್ತೈದು ದಿನವಾಯಿತು. ನಿನ್ನೆ ಕಾಕಿ ನಿನ್ನ ಕಪಾಟು ತೆಗೆದು, "ಸುಮಾ, ಈ ಲೆನ್ಸ್ ಏನ್ ಮಾಡೂಣು?" ಅಂದಳು. ನಿನ್ನ ಕ್ಯಾಮೆರಾದ ಆ ಲೆನ್ಸಿನ ಬಗ್ಗೆ ನಿನಗೆ ಹೇಳದೇ ಉಳಿದ ಮಾತೊಂದಿದೆ. ಆರು ವರ್ಷ ನಿನ್ನೆದುರು ಧೈರ್ಯ ಬರಲಿಲ್ಲ, ಈಗ ಬರೆಯುತ್ತಿದ್ದೇನೆ.

ಅದು ಮನೆಗೆ ಬಂದ ದಿನ ನೆನಪಿದೆಯಾ? ಯಾದಗಿರಿ ಸ್ಟೇಷನ್ ರಸ್ತೆಯಲ್ಲಿ ಗಡಿಯಾರ ರಿಪೇರಿ ಮಾಡುವ ನಿನ್ನ ಗೆಳೆಯ ಗುರುನಾಥ ಕಾಕಾ, ಹೈದರಾಬಾದಿನ ಹಳೆ ಸಾಮಾನಿನ ಸಂತೆಯಲ್ಲಿ ಹುಡುಕಿ ತಂದಿದ್ದ. ಹೊಸದರ ಬೆಲೆ ಕೇಳಿದರೆ ತಲೆ ತಿರುಗುತ್ತಿತ್ತು. ಇದು ಗುಮಾಸ್ತನಾದ ನಿನ್ನ ಪಗಾರಕ್ಕೆ ಎಟುಕಿತು. ನೀನು ಅದನ್ನು ರೀಲಿನ ಕ್ಯಾಮೆರಾಕ್ಕೆ ತಿರುವಿ ಕೂಡಿಸಿ, ನಾರಾಯಣಪುರ ಡ್ಯಾಮಿನ ಕೆಳಗೆ ಬಂಡೆಯ ಮೇಲೆ ನಿಂತ ಕೊಕ್ಕರೆಯನ್ನು ತೋರಿಸಿದ್ದೆ. ಅಷ್ಟು ದೂರದಿಂದ ಅದರ ಕಣ್ಣೂ ಕಂಡಿತು. ಝೂಮ್ ಎಲ್ಲಿ ಅಂತ ನಾನು ಕೇಳಿದರೆ, "ಇದು ಹಿಂದ ಮುಂದ ಆಗಂಗಿಲ್ಲವಾ, ನಾವೇ ಆಗಬೇಕು" ಅಂದು ನಕ್ಕಿದ್ದೆ.

ಆ ಬೇಸಿಗೆ ನಾನು ಶಹಾಪುರದ ನಿನ್ನ ಮನೆಯಲ್ಲಿದ್ದು ಬಿ.ಎಡ್ ಓದುತ್ತಿದ್ದೆ. ಒಂದು ದಿನ ಗಾಜಿನೊಳಗೆ ತೇವಕ್ಕೆ ಹಿಡಿಯುವ ಬೂಸಿನ ಬಿಳಿ ಎಳೆ ಕಂಡಿತು. ಬೂಸು ಬಂದದ್ದನ್ನೆಲ್ಲ ಅವ್ವ ಬಿಸಿಲಿಗಿಡುತ್ತಾಳೆ, ಬೇಳೆಯಾಗಲಿ ಗಾದಿಯಾಗಲಿ. ನಾನೂ ಮಹಾ ಜಾಣೆ, ಲೆನ್ಸನ್ನು ತಾಟಿನಲ್ಲಿಟ್ಟು ಮಾಳಿಗೆಯ ಫರಸಿಕಲ್ಲಿನ ಮೇಲೆ, ಕಾಕಿಯ ಸಂಡಿಗೆಯ ಪಕ್ಕ ಒಣಹಾಕಿದೆ. ಸಂಜೆ ಮುಟ್ಟಿದರೆ ಕೈ ಸುಟ್ಟಿತು. ಒರೆಸಿ ಚೀಲದಲ್ಲಿಟ್ಟು ಸುಮ್ಮನಾದೆ. ಒಳಗಿನ ಗ್ರೀಸು ಕರಗಿ, ಬೆಳಕು ಹೆಚ್ಚುಕಡಿಮೆ ಮಾಡುವ ತೆಳು ತಗಡುಗಳಿಗೆ ಅಂಟಿ, ಅವು ಮುಚ್ಚದೆ ಬೆಳಕು ಹೆಚ್ಚಾಗುತ್ತದೆ ಅಂತ ನನಗೇನು ಗೊತ್ತು?

ಮುಂದಿನ ರೀಲು ತೊಳೆಸಿದಾಗ ಮೂವತ್ತಾರೂ ಫೋಟೊ ಬೆಳ್ಳಗೆ. ನೀನು ನೇರ ಗುರುನಾಥ ಕಾಕಾನ ಅಂಗಡಿಗೆ ಹೋದೆ, ನಾನೂ ಜೊತೆಗಿದ್ದೆ. ಗಿರಾಕಿಗಳ ಮುಂದೆಯೇ ನೀನು, "ಕೆಟ್ಟದ್ದು ಗೊತ್ತಿದ್ದೂ ನನ್ನ ಕೊಳ್ಳಾಗ ಕಟ್ಟಿದಿ. ದೋಸ್ತಿಗಿ ಮೋಸ ಮಾಡಿದಿ" ಅಂದೆ. ಆತ ಭೂತಗನ್ನಡಿ ಹಿಡಿದು ಲೆನ್ಸು ನೋಡಿದ, ನಿನ್ನನ್ನು ನೋಡಿದ, ಏನೂ ಅನ್ನದೆ ತಿರುಗಿ ಕೊಟ್ಟ. ನಾನಾದರೂ ಬಾಯಿ ಬಿಡಬೇಕಿತ್ತಲ್ಲ, ಕಾಕಾ? ನಾಲಿಗೆಯ ತುದಿಗೆ ಬಂದು... ನಾಳೆ ಹೇಳಿದರಾಯಿತು ಅಂದುಕೊಂಡೆ. ಅವತ್ತಿನಿಂದ ನೀವಿಬ್ಬರೂ ಮಾತು ಬಿಟ್ಟಿರಿ.

ಇವತ್ತು ಯಾದಗಿರಿಗೆ ಹೋಗಿ ಆತನಿಗೆ ಎಲ್ಲ ಹೇಳಿ ಅತ್ತೆ. ಆತ ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟ.

"ಬಿಸಿಲಿಗಿ ಇಟ್ಟಾರಂತ ಅವತ್ತೇ ಗೊತ್ತಾಗಿತ್ತವಾ. ನಿಮ್ಮ ಕಾಕಾನೇ ಇಟ್ಟಾನಂತ ತಿಳ್ಕೊಂಡಿದ್ದೆ. ಅಷ್ಟು ಮಂದ್ಯಾಗ ಹೇಳಿದ್ರ ಅವನ ಮರ್ಯಾದಿ ಏನಾಗತಿತ್ತು?"

"ಆಮ್ಯಾಲರೆ ಹೇಳಬೇಕಿತ್ತಲ್ರಿ."

"ಬರ್ತಾನಂತ ಕುಂತಿದ್ದೆ. ಎದುರಿನ ಹೋಟೆಲ್ದಾಗ ಚಾ ಕುಡದು ಹೋಗತಿದ್ದ. ರಸ್ತಾ ದಾಟಲಿಲ್ಲ ನೋಡು."

ನೀನು ಅಲ್ಲಿವರೆಗೆ ಹೋಗುತ್ತಿದ್ದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು.

ಬರುವ ಸೋಮವಾರ ನಿನ್ನ ತಿಂಗಳ ಕಾರ್ಯ. ಬೀಗರು, ನಿನ್ನ ಆಫೀಸಿನವರು ಎಲ್ಲ ಬರುತ್ತಾರೆ. ಮಂದಿಯ ಮುಂದೆ ಹೋದ ಗುರುನಾಥ ಕಾಕಾನ ಮಾನ ಮಂದಿಯ ಮುಂದೆಯೇ ತಿರುಗಿ ಬರಬೇಕು. ಎಲ್ಲರೆದುರು ನಿಂತು ತಪ್ಪು ನನ್ನದೆಂದು ಹೇಳುತ್ತೇನೆ. ಆಮೇಲೆ ನಿನಗೆ ಎಡೆ ಇಡುವವನು ಗುರುನಾಥ ಕಾಕಾ. ಕಾಕಿ ಒಪ್ಪಿದ್ದಾಳೆ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಆತನ ಕೈಯ ತುತ್ತನ್ನು ಮಾತ್ರ ಬೇಡ ಅನ್ನಬೇಡ.

ನಿನ್ನ
ಸುಮಾ