ಬಿಸಿಲಿಗೂ ನೆರಳಿಗೂ ಒಗ್ಗುವ ಮುಳ್ಳುಗಿಡ

ಹೋವಿಕ್
ಆಗಸ್ಟ್ ೨೨

ಪ್ರೀತಿಯ ಝಿಬುಯಿಲೆ,

ನಾವು ಇನ್ನೂ ಬದುಕಿದ್ದೇವೆ. ನೀವು ಮೂವರೂ ಚೆನ್ನಾಗಿ ಉಸಿರಾಡಿಕೊಂಡಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಕಾಗದ ಬಂದು ತಿಂಗಳು ದಾಟಿತು. ನರ್ಸರಿಯಲ್ಲಿ ಕೈತುಂಬ ಕೆಲಸ ಎಂದು ನೆಪ ಹೇಳಬಹುದಿತ್ತು. ಆದರೆ ಆಗಸ್ಟಿನ ಈ ಚಳಿಗಾಲದಲ್ಲಿ ಇಲ್ಲಿ ಎಷ್ಟು ಕೆಲಸವಿರುತ್ತದೆಂದು ಇದೇ ಮಣ್ಣಿನಲ್ಲಿ ಆಡಿ ಬೆಳೆದ ನಿನಗೆ ಗೊತ್ತಿಲ್ಲವೇ? ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಎದ್ದೆ. ಫೋನ್ ಎತ್ತುವುದಿಲ್ಲವೆಂದು ಬೈದಿದ್ದೀಯ. ಬೈದುಕೋ, ತಪ್ಪು ನನ್ನದೇ.

ಹೊಸ ಮನೆಯ ಅಂಗಳದ ನಕ್ಷೆ ನೋಡಿದೆ. ನಿನ್ನ ಗಂಡ ಮುಲಾಲೊ ಸ್ಕೇಲಿಟ್ಟು ಗೆರೆ ಎಳೆದಿದ್ದಾನೆ. ಗೇಟು, ನಲ್ಲಿ, ಕಾರು ನಿಲ್ಲಿಸುವ ಜಾಗ ಎಲ್ಲ ಇದೆ, ಬಿಸಿಲು ಒಂದಿಲ್ಲ! ಆ ಎಂಜಿನಿಯರ್ ಸಾಹೇಬರಿಗೆ ಹೇಳು, ಗಿಡಕ್ಕೆ ಅಳತೆಯ ಟೇಪು ಬೇಡ. ನಾನು ಗಿರಾಕಿಗಳನ್ನು ಕೇಳುವುದು ಎರಡೇ ಪ್ರಶ್ನೆ. ಬಟ್ಟೆ ಎಲ್ಲಿ ಒಣಗಿಸುತ್ತೀರಿ? ಮಧ್ಯಾಹ್ನ ನಾಯಿ ಎಲ್ಲಿ ಮಲಗುತ್ತದೆ?

ಮೊನ್ನೆ ಚರ್ಚಿನ ಕೈತೋಟಕ್ಕೆಂದು ಮಾಂಡ್ಲೋವು ಬಂದಿದ್ದರು, ನಿನಗೆ ಸೂಜಿ ಚುಚ್ಚುತ್ತಿದ್ದರಲ್ಲ, ಅದೇ ನರ್ಸಮ್ಮ. "ನೆರಳಲ್ಲೂ ಹೂ ಬಿಡ್ಬೇಕು, ನೀರು ಕೇಳ್ಬಾರ್ದು, ಎಲೆ ಉದುರ್ಬಾರ್ದು, ಅಂಥದ್ದು ಕೊಡು" ಎಂದರು.

"ಪ್ಲಾಸ್ಟಿಕ್ ಹೂವಿನ ಅಂಗಡಿ ಪೇಟೆಯಲ್ಲಿದೆ ಸಿಸ್ಟರ್" ಎಂದೆ.

"ನಿನ್ನ ನಾಲಿಗೆಗೂ ಒಂದು ಸೂಜಿ ಹಾಕ್ಬೇಕಿತ್ತು ನಾನು" ಎಂದು ಬೈಯುತ್ತಲೇ ಆರು ಗಿಡ ತೆಗೆದುಕೊಂಡು ಹೋದರು.

ಈಗ ನಿನ್ನ ಅಂಗಳಕ್ಕೆ ಬರುತ್ತೇನೆ. ಬಟ್ಟೆ ಒಣಗುವುದು ಮುಂದಿನ ಉತ್ತರದ ಗೋಡೆಗೆ ಎಂದು ಬರೆದಿದ್ದೀಯ. ಅಂದರೆ ಬಿಸಿಲು ಬೀಳುವುದು ಅಲ್ಲೇ. ಅಲ್ಲಿ ಲೋಳೆಸರ ಹಾಕು, ಮನೆಯೆತ್ತರ ಬೆಳೆದು ಚಳಿಯಲ್ಲಿ ಕೆಂಪು ಹೂ ಬಿಡುವ ಜಾತಿಯದು. ಅದರ ಕಾಲಬುಡಕ್ಕೆ ನೀಲಿ ಗೊಂಚಲಿನ ಉಬಾನಿ. ಎಂಪೋ ಪುಟ್ಟಿಗೆ ಹಕ್ಕಿ ಬೇಕಂತಲ್ಲ, ಲೋಳೆಸರ ಹೂ ಬಿಟ್ಟರೆ ಸೂರಕ್ಕಿಗಳು ಕರೆಯದೆಯೇ ಬರುತ್ತವೆ. ನಾಯಿ ಮಲಗುವ ಹಿಂಬದಿಗೆ ಉಮಾಯಿಮೆ. ಕಿತ್ತಳೆ ಹೂವಿನದು, ನಿಮ್ಮಪ್ಪನಿಗೆ ಇಷ್ಟವಾಗಿತ್ತು. ಅದಕ್ಕೆ ನೆರಳು ಬೇಕು, ಆದರೆ ನಿಮ್ಮೂರಿನ ಇಬ್ಬನಿ ಹೆಪ್ಪುಗಟ್ಟಿ ಬಿದ್ದರೆ ಎಲೆ ಬೆಂದುಹೋಗುತ್ತದೆ. ಪಕ್ಕದ ಮನೆಯ ಮರದ ಕೆಳಗೇ ನೆಡು, ಚಳಿಯಲ್ಲಿ ಹಳೆಯ ಗೋಣಿ ಹೊದಿಸು. ಎಲ್ಲ ಬೇರನ್ನೂ ಒದ್ದೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದೇನೆ, ಕೈಗೆ ಬಂದ ದಿನವೇ ಬಿಚ್ಚು. ಮಳೆ ಬೀಳುವವರೆಗೆ ವಾರಕ್ಕೆ ಎರಡು ಸಲ ನೀರು ಸಾಕು. ಮುದ್ದು ಮಾಡಿ ಕೊಲ್ಲಬೇಡ.

ಪೆಟ್ಟಿಗೆಯ ತಳದಲ್ಲಿ ನೀನು ಕೇಳದ ಒಂದು ಸಸಿಯಿದೆ. "ಮುಳ್ಳಿಂದು ಮಾತ್ರ ಬೇಡ ಮಾ, ಮಗು ಓಡಾಡುತ್ತೆ" ಎಂದು ಬರೆದಿದ್ದೀಯ. ಗೊತ್ತು. ಆದರೂ ನಮ್ಮ ಬಾಗಿಲ ಮುಂದಿನ ಉಮ್ಲಹ್ಲಂಕೋಸಿ ಮುಳ್ಳುಮರದ ಬೀಜದಿಂದ ನಾನೇ ಎಬ್ಬಿಸಿದ ಸಸಿ ಅದು. ಬಿಸಿಲು, ಅರೆನೆರಳು, ಬರ, ಇಬ್ಬನಿ, ಯಾವುದಕ್ಕೂ ಅದು ದೂರು ಹೇಳುವುದಿಲ್ಲ. ಎಲ್ಲಿ ಇಟ್ಟರೂ ಬದುಕುವ ಗಿಡ ನನಗೆ ತಿಳಿದಂತೆ ಅದೊಂದೇ. ಅಂಗಳದ ಮೂಲೆಯಲ್ಲಿ, ಎಂಪೋ ಹೋಗದ ಕಡೆ ಹಾಕು. ಆ ಮರದ ಕೊಂಬೆ ಹಿಡಿದು ನಮ್ಮವರು ಯಾರನ್ನು ಕರೆತರುತ್ತಾರೆಂದು ಮುಲಾಲೊಗೆ ನೀನೇ ಹೇಳು. ಅವನ ಕಡೆಯ ವೆಂಡಾದವರಲ್ಲಿ ಹೇಗೋ ನನಗೆ ತಿಳಿಯದು.

ಅವನ ವಿಷಯಕ್ಕೆ ಬಂದೆನಲ್ಲ. "ಎಂಪೋಗೆ ಐದು ವರ್ಷವಾಯಿತು, ಒಂದು ಸಲವೂ ನಮ್ಮ ಮನೆಗೆ ಬಂದಿಲ್ಲ, ಅವನ ಮೇಲಿನ ಕೋಪ ಇನ್ನೂ ಇಳಿದಿಲ್ಲವಾ?" ಎಂದು ಕೇಳಿದ್ದೀಯ. ಮದುವೆಯಲ್ಲಿ ನಾನು ಮುಖ ಊದಿಸಿಕೊಂಡಿದ್ದು ನಿಜ. ಕ್ರಿಸ್‌ಮಸ್‌ಗೆ ಬಂದಾಗ ನನ್ನ ಸೋರುವ ಸೂರನ್ನು ಹೇಳದೆ ಕೇಳದೆ ಹತ್ತಿ ಸರಿಮಾಡಿದನಲ್ಲ, ಆ ದಿನವೇ ಊತ ಇಳಿಯಿತು. ನಿಮ್ಮ ಚಿಕ್ಕಪ್ಪ ಭೇಕುಮುಝಿ ಎಲ್ಲರಿಗೂ ನಮಸ್ಕಾರ ಹೇಳಿದ್ದಾನೆ.

ನಮ್ಮ ಹಿರಿಯರು ನಿಮ್ಮ ಬೆನ್ನಿಗಿರಲಿ, ಎಂಪೋ ನಿನ್ನನ್ನು ಮೀರಿ ಬೆಳೆಯಲಿ.

ನಿನ್ನ ತಾಯಿ,
ಬಜಬುಲಿಲೆ

ಮರೆತ ಮಾತು: ಮರೆತದ್ದಲ್ಲ, ಮೂರು ಸಲ ಎದ್ದದ್ದು ಇದಕ್ಕೇ. ಐದು ವರ್ಷದ ಹಿಂದೆ ನಿಮ್ಮಪ್ಪನ ದೇಹ ಬಂದು ಇಲ್ಲಿ ಮಣ್ಣಾಗಿತ್ತು, ಆತ್ಮ ಇನ್ನೂ ತೀರಿಕೊಂಡ ಜಾಗದಲ್ಲೇ, ನಿಮ್ಮೂರಿನ ಆಸ್ಪತ್ರೆಯಲ್ಲೇ ಉಳಿದಿತ್ತು. ಕರೆತರಬೇಕಿದ್ದವನು ನಿಮ್ಮ ಚಿಕ್ಕಪ್ಪ, ಅವನ ಕಾಲು ಮುರಿದಿತ್ತು. "ಅತ್ತಿಗೆ, ನೀವೇ ಹೋಗಿ. ದಾರೀಲಿ ಅಣ್ಣನ ಹತ್ರ ಬಿಟ್ಟು ಬೇರೆ ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ಹತ್ತೋವಾಗ ಹೇಳಿ, ಇಳಿಯೋವಾಗ ಹೇಳಿ, ಹೊಳೆ ದಾಟೋವಾಗ ಹೇಳಿ" ಎಂದು ಕಳಿಸಿದ. ಅವರಿದ್ದ ಹಾಸಿಗೆಗೆ ನಮ್ಮ ಮರದ ಕೊಂಬೆ ಮುಟ್ಟಿಸಿ, "ಏಳಿ ಖಬಝೇಲ, ಮನೆಗೆ ಹೋಗೋಣ" ಎಂದು ಕುಲದ ಹೆಸರು ಹಿಡಿದು ಕರೆದೆ. ಟ್ಯಾಕ್ಸಿಯಲ್ಲಿ ಅವರಿಗೂ ಒಂದು ಸೀಟು ಹಿಡಿದೆ. ಹ್ಯಾರಿಸ್ಮಿತ್‌ನ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಂತಾಗ, "ಚಹಾಕ್ಕೆ ನಿಲ್ಲಿಸಿದಾರೆ, ಇಲ್ಲೇ ಇರಿ" ಎಂದು ಹೇಳಿದೆ.

ಆಗ ನಿನ್ನ ಫೋನ್ ಬಂತು. ನಿನ್ನ ಬಸುರಿಗಿನ್ನೂ ಎಂಟೇ ತಿಂಗಳು. ಎತ್ತಿದೆ. "ಮಾ, ನೋವು ಶುರುವಾಯ್ತು, ಭಯ ಆಗ್ತಿದೆ" ಎಂದೆ ನೀನು. "ನಾನಿದ್ದೀನಿ ಮಗಳೇ" ಎಂದೆ ನಾನು. ಎಂಪೋ ಅಳುವುದು ಕಿವಿಗೆ ಬೀಳುವವರೆಗೂ ಮಾತಾಡಿದೆ. ತಲೆಯೆತ್ತಿ ನೋಡಿದರೆ ಗಾಡಿ ಘಾಟಿ ಇಳಿದು ಎಷ್ಟೋ ದೂರ ಬಂದಿತ್ತು. ಹೊರಟೆವು ಎಂದು ಅವರಿಗೆ ನಾನು ಹೇಳಿರಲಿಲ್ಲ. ಮನೆಯಲ್ಲಿ ಆಡು ಕಡಿದರು, ಹಾಡಿದರು, ಕೊಂಬೆಯನ್ನು ಹಿರಿಯರ ಮೂಲೆಯಲ್ಲಿಟ್ಟರು. ಅದು ಬರೀ ಕೊಂಬೆ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಅಂದಿನಿಂದ ಫೋನ್ ರಿಂಗಾದರೆ ಕೈ ಏಳುವುದಿಲ್ಲ. ನಿಮ್ಮ ಮನೆಗೆ ಬರಲು ಬೇರೆ ದಾರಿಯೂ ಇಲ್ಲ, ಆ ಬಂಕನ್ನು ದಾಟಲೇಬೇಕು. ಅಷ್ಟೇ ಮಗಳೇ, ಕೋಪವಲ್ಲ. ನೀನು ಮಾಡಿದ ತಪ್ಪು ಏನೂ ಇಲ್ಲ. ಆ ದಿನ ಮತ್ತೆ ಬಂದರೂ ನಾನು ಆ ಫೋನ್ ಎತ್ತುತ್ತೇನೆ, ಅದನ್ನೂ ನಿಮ್ಮಪ್ಪನಿಗೆ ಹೇಳಬೇಕಿದೆ. ನಿನ್ನೆ ಚಿಕ್ಕಪ್ಪನ ಮುಂದೆ ಎಲ್ಲ ಹೇಳಿದೆ. ಅವನು, "ಅಣ್ಣ ಎಲ್ಲಿ ಕೂರಿಸಿದ್ರೆ ಅಲ್ಲೇ ಕೂರೋನು ಅತ್ತಿಗೆ. ಹೋಗಿ ಕರ್ಕೊಂಡ್ ಬನ್ನಿ" ಎಂದ.

ಸೆಪ್ಟೆಂಬರ್ ಮೊದಲ ವಾರ ನಿಮ್ಮ ಮನೆಗೆ ಬರುತ್ತೇನೆ, ನಮ್ಮ ಮರದ ಕೊಂಬೆ ಜೊತೆಗೇ ತರುತ್ತೇನೆ. ಶನಿವಾರ ನಿಮ್ಮಲ್ಲಿಂದ ವಾಪಸು ಹೊರಟು ಹ್ಯಾರಿಸ್ಮಿತ್‌ನಲ್ಲಿ ಇಳಿದು, ಅಲ್ಲಿಂದ ಮನೆಗೆ ಎರಡು ಸೀಟು ಹಿಡಿಯುತ್ತೇನೆ. ಆ ಶನಿವಾರ ಒಂದು ದಿನ ಫೋನ್ ಮಾಡಬೇಡ. ಭಾನುವಾರದಿಂದ ಮಾಡು, ಎತ್ತುತ್ತೇನೆ.