ಅಪ್ಪ ನೆಟ್ಟ ಕಾಡೀರುಳ್ಳಿ ಸಾಲು

ಕಾಟೋ ಪ್ಲಾತಿ, ಕ್ರೀಟ್
ಸೆಪ್ಟೆಂಬರ್ ೨೦, ೧೯೬೬

ಸ್ತಮಾತಿಯಾಳಿಗೆ,

ಪ್ರೀತಿಯ ತಂಗಿ ಎಂದು ಬರೆದರೆ ಇಬ್ಬರಿಗೂ ನಗು ಬಂದೀತು, ಅದಕ್ಕೇ ಬರೆದಿಲ್ಲ. ನಿನ್ನ ಗಂಡ ಲೆಫ್ಟೇರಿಸ್ ಈಸ್ಟರ್ ಮುಗಿದ ವಾರ ತೀರಿಕೊಂಡನೆಂದು ನನಗೆ ತಿಳಿಸಿದ್ದು ರೊಟ್ಟಿ ಅಂಗಡಿಯವಳು. ಒಡಹುಟ್ಟಿದ ನಿನಗೆ ಒಂದು ಕಾಗದ ಹಾಕಲು ಕೈ ಬರಲಿಲ್ಲ. ಇರಲಿ. ಈಗ ಬರೆಯುತ್ತಿರುವುದು ತೋಟದ ವಿಷಯಕ್ಕೆ.

ಅಪ್ಪ ಆಲಿವ್ ತೋಟವನ್ನು ನಮ್ಮಿಬ್ಬರಿಗೆ ಹಂಚಿದಾಗ ನಡುವೆ ಗಡಿಯಾಗಿ ಕಾಡೀರುಳ್ಳಿ ಗೆಡ್ಡೆಗಳ ಸಾಲು ನೆಟ್ಟಿದ್ದ. ಕಲ್ಲನ್ನು ಯಾರು ಬೇಕಾದರೂ ಸರಿಸುತ್ತಾರೆ, ಇದನ್ನು ಮುಟ್ಟಿದವನ ಕೈ ಬೊಬ್ಬೆ ಏಳುತ್ತದೆ ಎನ್ನುತ್ತಿದ್ದ. ಆರು ವರ್ಷದ ಹಿಂದೆ, ಕ್ರಿಸ್‌ಮಸ್ ಕಳೆದ ಮೇಲೆ, ಸಾಲಿನುದ್ದಕ್ಕೂ ಮಣ್ಣು ಹೊಸದಾಗಿ ಅಗೆದದ್ದು ಕಂಡೆ. ಅದೇ ದಿನ ಲೆಫ್ಟೇರಿಸನ ಅಂಗೈ ತುಂಬ ಬೊಬ್ಬೆ ಕಂಡೆ. ಕಾಫಿ ಅಂಗಡಿಯ ಮುಂದೆ, ಊರ ಗಂಡಸರೆಲ್ಲ ಕೂತಿರುವಾಗ, ಸಾಲು ಯಾವ ಕಡೆಗೆ ಸರಿದಿದೆಯೆಂದು ಅಳೆದೂ ನೋಡದೆ, ಅವನನ್ನು ಗಡಿ ಸರಿಸಿದ ಕಳ್ಳ ಎಂದೆ.

"ಹೊಸ ವರ್ಷಕ್ಕೆ ಶುಭ ಅಂತ ಬಾಗಿಲಿಗೆ ಕಟ್ಟೋಕೆ ಒಂದು ಗೆಡ್ಡೆ ಕಿತ್ತೆ ಅಕ್ಕಾ, ಅಷ್ಟೇ," ಎಂದ.

"ಒಂದು ಗೆಡ್ಡೆಗೆ ಎರಡು ಕೈ ತುಂಬ ಬೊಬ್ಬೆಯೇನೋ?" ಎಂದು ನಾನು ಕೇಳಿದ್ದು, ಜನ ನಕ್ಕದ್ದು ನಿನಗೆ ಮರೆತಿರಲಾರದು. ನೀನು ನೆಲಕ್ಕೆ ಉಗಿದು, ನನ್ನ ಹೆಣಕ್ಕೂ ಬರುವುದಿಲ್ಲವೆಂದೆ. ಮುಂದಿನ ತಿಂಗಳೇ ಗಂಡ ಹೆಂಡತಿ ಊರು ಬಿಟ್ಟು ಖಾನಿಯಾ ಪಟ್ಟಣ ಸೇರಿದಿರಿ.

ಈಗ ಕೇಳು. ಈ ತಿಂಗಳು, ಬೇಸಿಗೆಯಿಡೀ ಹನಿ ಕಾಣದ ನೆಲದಿಂದ, ಗಡಿಯ ಕಾಡೀರುಳ್ಳಿಯ ಬಿಳಿ ಹೂಗೊಂಚಲುಗಳು ಎಂದಿನಂತೆ ಎದೆಯೆತ್ತರ ಎದ್ದವು. ಆದರೆ ನನ್ನ ಭಾಗದ ಮೂರು ಹೆಜ್ಜೆ ಒಳಗೆ ಇನ್ನೊಂದು ಸಾಲು. ಒಂಬತ್ತು ಬಡಕಲು ಹೂಕಡ್ಡಿಗಳು, ನೂಲು ಹಿಡಿದಂತೆ ನೇರ. ಅಗೆದು ನೋಡಿದೆ. ದೊಡ್ಡ ಗೆಡ್ಡೆ ಕಿತ್ತವನು ಮಣ್ಣಲ್ಲೇ ಬಿಟ್ಟುಹೋದ ಮರಿಗೆಡ್ಡೆಗಳು. ಬಲಿತು ಹೂ ಬಿಡಲು ಇಷ್ಟು ವರ್ಷ ಹಿಡಿದಿತ್ತು. ಅಪ್ಪನ ಗಡಿ ಇದ್ದದ್ದು ಅಲ್ಲಿ. ನಡುವಿನ ಪಟ್ಟಿ ನಿನ್ನದು.

ನನ್ನ ಗಂಡನನ್ನು ಕೇಳಿದೆ. ಪಾಂಟೆಲಿಸ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ನಿಮ್ಮಪ್ಪ ಕಿರಿಯವಳಿಗೇ ಜಾಸ್ತಿ ಕೊಟ್ಟಿದ್ದ. ನಾನು ಸರಿ ಮಾಡ್ದೆ," ಎಂದ. ಚರ್ಮದ ಕೈಗವಸು ಹಾಕಿಕೊಂಡು ಸಾಲನ್ನು ಕಿತ್ತು ನಿನ್ನ ಕಡೆಗೆ ಸರಿಸಿ ನೆಟ್ಟನಂತೆ. ಅದನ್ನು ಕಂಡ ಲೆಫ್ಟೇರಿಸ್ ಬರಿಗೈಯಲ್ಲೇ ನಾಲ್ಕಾರು ಗೆಡ್ಡೆ ಕಿತ್ತು ಹಳೆಯ ಜಾಗಕ್ಕೆ ಒಯ್ಯಲು ನೋಡಿದನಂತೆ. ಇವನು ಬಿಡಲಿಲ್ಲ. ಕೊನೆಗೆ ಅವನು, "ಹೋಗ್ಲಿ, ಅಕ್ಕಂಗೆ ಗೊತ್ತಾಗೋದು ಬೇಡ. ಅವಳು ನಿನ್ನ ಜೊತೆ ಬಾಳ್ಬೇಕು," ಎಂದು ಹೇಳಿ ಹೋದನಂತೆ.

ಹೋದ ಭಾನುವಾರ ಚರ್ಚಿನಿಂದ ನೇರ ಕಾಫಿ ಅಂಗಡಿಗೆ ನಡೆದು, ಕಳ್ಳ ನನ್ನ ಮನೆಯಲ್ಲೇ ಇದ್ದಾನೆ ಎಂದು ಎಲ್ಲರೆದುರು ಹೇಳಿದೆ. ಯಾರೂ ನಗಲಿಲ್ಲ. ಪಾಂಟೆಲಿಸ್ ಈಗ ತನ್ನ ತಂಗಿಯ ಮನೆಯಲ್ಲಿದ್ದಾನೆ.

ಇದು ಕ್ಷಮೆ ಕೇಳುವ ಕಾಗದವಲ್ಲ. ನಿನಗೂ ಗೊತ್ತಿತ್ತೆ? ಗೊತ್ತಿದ್ದೂ ಆರು ವರ್ಷ ನನ್ನನ್ನು ಆ ಮನುಷ್ಯನಿಗೆ ಊಟ ಬಡಿಸಲು ಬಿಟ್ಟಿದ್ದರೆ ನನ್ನ ಹೊಸಿಲು ತುಳಿಯಬೇಡ. ಗೊತ್ತಿರಲಿಲ್ಲವಾದರೆ ಬಂದು ನಿನ್ನ ನೆಲ ತೆಗೆದುಕೋ. ನನ್ನ ಜೊತೆ ಮಾತಾಡಬೇಕಾಗಿಲ್ಲ.

ಹುಟ್ಟಿದ ತಪ್ಪಿಗೆ ನಿನ್ನ ಅಕ್ಕ,
ಗರಿಫಾಲಿಯಾ

ತಾ.ಕ.: ಈ ತಿಂಗಳು ಎಂದು ಬರೆದದ್ದು ಸುಳ್ಳು. ಆ ಒಂಬತ್ತು ಹೂ ಮೊದಲು ಬಂದದ್ದು ಹೋದ ವರ್ಷ. ಪಾಂಟೆಲಿಸ್ ಒಪ್ಪಿಕೊಂಡದ್ದೂ ಆಗಲೇ. ಕಡ್ಡಿಗಳನ್ನು ಮುರಿದು ಕತ್ತೆಯ ಕೊಟ್ಟಿಗೆಯ ಹಿಂದೆ ಎಸೆದು ಬಾಯಿ ಮುಚ್ಚಿಕೊಂಡೆ. ಆಗ ಲೆಫ್ಟೇರಿಸ್ ಬದುಕಿದ್ದ.